ಬೆನ್ನ ಮೇಲಿನ ಕಂತ್ರಿನಾಯಿ

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ಗೆ ಬಂದ ಹೊಸದರಲ್ಲಿ ಪೆಟ್ರೋಲ್ ಬಂಕಿನಲ್ಲಿ ಒಬ್ಬನನ್ನು ನೋಡಿ ಗಾಬರಿಯಾಗಿದ್ದೆ. ಮುಖದ ತುಂಬ ಹಚ್ಚೆ, ಜಾಕೆಟ್ಟಿನ ಬೆನ್ನ ಮೇಲೆ ಹೊಲಿದ ದೊಡ್ಡ ಬುಲ್‌ಡಾಗ್ ಲಾಂಛನ. ಮಂಗ್ರೆಲ್ ಮಾಬ್ ಗ್ಯಾಂಗಿನವನು. ನಮ್ಮ ಬೆಂಗಳೂರಿನ ರೌಡಿ ಬಿಳಿ ಅಂಗಿ ತೊಟ್ಟು, ಹುಟ್ಟುಹಬ್ಬಕ್ಕೆ 'ಸಮಾಜ ಸೇವಕ' ಎಂದು ಫ್ಲೆಕ್ಸ್ ಹಾಕಿಸಿಕೊಳ್ಳುತ್ತಾನೆ. ರೌಡಿ ಶೀಟ್ ಠಾಣೆಯಲ್ಲಿ ಬಿದ್ದಿರುತ್ತದೆ. ಇಲ್ಲಿ ಅದನ್ನು ಬೆನ್ನಿಗೇ ಹೊಲಿಸಿಕೊಂಡು ಓಡಾಡುತ್ತಿದ್ದರು.

ಮಂಗ್ರೆಲ್ ಎಂದರೆ ಕಂತ್ರಿನಾಯಿ. 1960ರ ದಶಕದಲ್ಲಿ ಇಲ್ಲಿನ ಹೇಸ್ಟಿಂಗ್ಸ್ ಎಂಬ ಊರಿನ ಕೋರ್ಟಿನ ನ್ಯಾಯಾಧೀಶರೊಬ್ಬರು ಎದುರಿಗಿದ್ದ ಹುಡುಗರನ್ನು ಹಾಗೆ ಬೈದರಂತೆ, ಅವರು ಬೈಗುಳವನ್ನೇ ಹೆಸರು ಮಾಡಿಕೊಂಡರಂತೆ. ಇದು ಗ್ಯಾಂಗಿನವರೇ ಹೇಳುವ ಕಥೆ. ತಮಾಷೆಯೆಂದರೆ ಮೊದಮೊದಲು ಸೇರಿದವರಲ್ಲಿ ಬಿಳಿಯರೇ ಜಾಸ್ತಿ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಹುಡುಗರು ಆಮೇಲೆ ತುಂಬಿಕೊಂಡರು.

ಯಾಕೆ ತುಂಬಿಕೊಂಡರು ಎನ್ನುವುದೇ ನಿಜವಾದ ಕಥೆ. 1945ರಲ್ಲಿ ಪಟ್ಟಣದಲ್ಲಿದ್ದ ಮಾವೊರಿಗಳು ಕಾಲುಭಾಗದಷ್ಟು. 1986ರ ಹೊತ್ತಿಗೆ ಸುಮಾರು 80%. ಊರು, ನೆಂಟರು, ಭಾಷೆ ಎಲ್ಲ ಹಿಂದೆ ಉಳಿಯಿತು. ಪುಂಡಾಟಕ್ಕೋ ಬಡತನಕ್ಕೋ ಸಿಕ್ಕಿಬಿದ್ದ ಮಕ್ಕಳನ್ನು ಸರ್ಕಾರ ಬಾಲಗೃಹಗಳಿಗೆ ಒಯ್ದಿತು. ಲೋವರ್ ಹಟ್‌ನ ಎಪುನಿ, ಲೆವಿನ್‌ನ ಕೊಹಿಟೆರೆ ಅಂಥವು. ಅಲ್ಲಿ ಹೊಡೆತ, ಲೈಂಗಿಕ ಹಿಂಸೆ. ಅಲ್ಲಿ ಒಟ್ಟಿಗೆ ಬೆಳೆದ ಹುಡುಗರು ಹೊರಗೆ ಬಂದು ಗ್ಯಾಂಗ್ ಸೇರಿದರು. 1950ರಿಂದ 2019ರವರೆಗೆ ಸರ್ಕಾರದ ಇಲ್ಲವೇ ಚರ್ಚುಗಳ ಆರೈಕೆಯಲ್ಲಿದ್ದ ಸುಮಾರು ಆರೂವರೆ ಲಕ್ಷ ಜನರಲ್ಲಿ ಎರಡು ಲಕ್ಷದಷ್ಟು ಮಂದಿ ಹಿಂಸೆಗೆ ಸಿಕ್ಕಿದ್ದರೆಂದು ಇದರ ತನಿಖೆಗೆ ನೇಮಕವಾದ ರಾಯಲ್ ಕಮಿಷನ್ ಅಂದಾಜು ಮಾಡಿದೆ.

ಹಾಗಂತ ಇವರು ಪಾಪದವರಲ್ಲ. 1986ರಲ್ಲಿ ಆಕ್ಲೆಂಡಿನ ಆಂಬರಿ ಪಾರ್ಕಿನಲ್ಲಿ ಈ ಗ್ಯಾಂಗಿನ ಜಾತ್ರೆಯಲ್ಲಿ ಒಬ್ಬ ಯುವತಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರವನ್ನು ಇಲ್ಲಿನ ಜನ ಇನ್ನೂ ಮರೆತಿಲ್ಲ. ಈಗ ಡ್ರಗ್ಸ್ ದಂಧೆ. ಅದೇ ಗ್ಯಾಂಗಿನ, ನಮ್ಮ ವೈಕಾಟೊ ಪ್ರಾಂತದ ಗುಂಪು 2019ರ ಕ್ರೈಸ್ಟ್‌ಚರ್ಚ್ ಮಸೀದಿಗಳ ಹತ್ಯಾಕಾಂಡದ ನಂತರ ಹ್ಯಾಮಿಲ್ಟನ್ನಿನ ಮಸೀದಿಗೆ ಕಾವಲು ನಿಲ್ಲುತ್ತೇವೆಂದು ಮುಂದೆ ಬಂತು! ಎರಡೂ ನಿಜ.

ನಮ್ಮಜ್ಜಿ ನೆನಪಾಗುತ್ತಾಳೆ. ಊರಾಚೆ ಡೇರೆ ಹಾಕುತ್ತಿದ್ದ ಅಲೆಮಾರಿಗಳನ್ನು ಕಂಡರೆ "ತಾಮ್ರದ ಕೊಡ ಒಳಗಿಡ್ರೋ" ಎನ್ನುತ್ತಿದ್ದಳು. ಬ್ರಿಟಿಷರು 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಕಾನೂನಿನಲ್ಲೇ ಬರೆದರು. ಹುಬ್ಬಳ್ಳಿಯಲ್ಲಿ ಅವರಿಗಾಗಿ ಕಾವಲಿನ ಸೆಟ್ಲ್‌ಮೆಂಟ್ ಕೂಡ ಇತ್ತು. 1952ರಲ್ಲಿ ಆ ಕಾನೂನು ಹೋಯಿತು. ಅಜ್ಜಿಯ ಬಾಯಿಂದ ಮಾತ್ರ ಹೋಗಿರಲಿಲ್ಲ. ಆ ಜನ ಬೈಗುಳವನ್ನು ಬೆನ್ನಿಗೆ ಹೊಲಿಸಿಕೊಳ್ಳಲಿಲ್ಲ, ತಲೆ ತಗ್ಗಿಸಿ ಹೊತ್ತರು. ನಮಗೆ ಅದೇ ಅನುಕೂಲವಾಯಿತು, ಅಲ್ವಾ?

2024ರ ನವೆಂಬರ್ 12ರಂದು ಪ್ರಧಾನಿ ಲಕ್ಸನ್ ಸಂಸತ್ತಿನಲ್ಲಿ ಬಾಲಗೃಹಗಳ ಹಿಂಸೆಗಾಗಿ ಕ್ಷಮೆ ಕೇಳಿದರು. 21ರಂದು ಗ್ಯಾಂಗ್ ಲಾಂಛನ ಸಾರ್ವಜನಿಕವಾಗಿ ತೊಡುವುದಕ್ಕೆ ನಿಷೇಧ ಬಂತು. ಮಧ್ಯೆ ಒಂಬತ್ತೇ ದಿನ. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಎರಡನೆಯದಕ್ಕೆ ಮಾತ್ರ ಚಪ್ಪಾಳೆ. ಅಂಗಡಿ ಇಟ್ಟು ದರೋಡೆಗೆ ಹೆದರಿ ಕೂತವರ ಖುಷಿ ನನಗೆ ಅರ್ಥವಾಗುತ್ತದೆ. ಮೊದಲನೆಯದರ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ, ನಾನೂ ಬರೆಯಲಿಲ್ಲ.

ಮೊನ್ನೆ ಅದೇ ಬಂಕಿನಲ್ಲಿ ಅವನು ಮತ್ತೆ ಸಿಕ್ಕಿದ. ಬರೀ ಕಪ್ಪು ಟೀ ಶರ್ಟ್. ಮುಖದ ಹಚ್ಚೆ ಹಾಗೇ ಇತ್ತು, ಕಾನೂನು ಅದನ್ನು ಮುಟ್ಟಿಲ್ಲ. ಸುಮ್ನೆ ತಲೆಯಾಡಿಸಿದೆ. ಅವನು ಹುಬ್ಬು ಮೇಲೆತ್ತಿದ. ಇಲ್ಲಿ ನಮಸ್ಕಾರ ಅಂದರೆ ಅಷ್ಟೇ.