ಹೆಸರುಗಳು ಬರುವಾಗ ರಿಮೋಟ್ ಮುಟ್ಟಬೇಡಿ

ಈ ದೀಪಾವಳಿಗೆ ತೀರ್ಥಹಳ್ಳಿಯ ಮನೆಗೆ ಬಂದ ಮಗಳು ನನಗೊಂದು ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟಳು. ಪ್ರತಿ ಹಬ್ಬಕ್ಕೂ ಪಂಚೆ, ಶಲ್ಯಗಳ ಉಡುಗೊರೆಗೆ ಒಗ್ಗಿಹೋಗಿದ್ದ ನನಗೆ ಎಷ್ಟು ಸಂತೋಷವಾಯಿತೆಂದರೆ, ಗೋಪೂಜೆ ಮುಗಿಸಿ ಬಂದವನು ಚೀನಿಕಾಯಿ ಕಡುಬು ಆರುತ್ತಿದ್ದರೂ ಪೆಟ್ಟಿಗೆ ಬಿಚ್ಚುತ್ತ ಕುಳಿತಿದ್ದೆ.

ಅದೇ ಸಂಜೆ ಮಕ್ಕಳೊಂದಿಗೆ ಟಿವಿಯಲ್ಲಿ 1982ರ ಹಾಲಿವುಡ್ ಚಿತ್ರ ‘ಇ.ಟಿ.’ ನೋಡಿದೆವು. ಕೊನೆಯಲ್ಲಿ ಆಕಾಶನೌಕೆ ಮೇಲೇರಿ, ತುತ್ತೂರಿಗಳು ನಗಾರಿಗಳೊಂದಿಗೆ ಒಟ್ಟಾಗಿ ಮೊಳಗಿ, ನನ್ನ ಗಂಟಲು ಕಟ್ಟಿಬಂದಿತ್ತು. ಚಿತ್ರ ಮಾಡಿದವರ ಹೆಸರುಗಳು ಬರತೊಡಗಿದ್ದೇ ತಡ, ತಮ್ಮನ ಮಗ ರಿಮೋಟ್ ಒತ್ತಿ ಬೇರೆ ಚಿತ್ರ ಹಾಕಿಬಿಟ್ಟ. “ಮುಗೀತಲ್ಲ ದೊಡ್ಡಪ್ಪ, ಇನ್ನೇನಿದೆ?” ಎಂದ. ಹಬ್ಬದ ದಿನವೆಂಬುದನ್ನೂ ಮರೆತು ನಾನು ಗದರಿದೆ. ಮಗುವಿನ ಮುಖ ಬಾಡಿತು. ಗದರಬಾರದಿತ್ತು, ಆದರೆ ನನ್ನ ಸಂಕಟ ಸುಳ್ಳಲ್ಲ.

ಇನ್ನೇನಿದೆ ಎಂದರೆ, ಎರಡು ಗಂಟೆ ಮನಸ್ಸಿನಲ್ಲಿ ತುಂಬಿಕೊಂಡದ್ದು ಇಳಿದು ನೆಲೆ ನಿಲ್ಲುವುದು ಆ ಸಂಗೀತದಲ್ಲಿಯೇ. ಹಿನ್ನೆಲೆ ಸಂಗೀತ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸಿದೆ. ಇದೇ ಚಿತ್ರದ ಕೊನೆಯ ಭಾಗಕ್ಕೆ ಸಂಗೀತ ನುಡಿಸುವಾಗ ದೃಶ್ಯಕ್ಕೆ ಲಯ ಸರಿಯಾಗಿ ಕೂಡಿಬರಲಿಲ್ಲ. ಆಗ ನಿರ್ದೇಶಕ ಸ್ಪೀಲ್‌ಬರ್ಗ್, ತೆರೆಯನ್ನು ಮರೆತು ಕಛೇರಿಯಲ್ಲಿ ನುಡಿಸುವಂತೆ ನುಡಿಸಿ ಎಂದು ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್ ಅವರಿಗೆ ಹೇಳಿ, ಬಳಿಕ ಆ ಸಂಗೀತಕ್ಕೆ ಹೊಂದುವಂತೆ ದೃಶ್ಯಗಳನ್ನೇ ಮತ್ತೆ ಜೋಡಿಸಿದರು. ಅಲ್ಲಿ ಮುಂದೆ ನಡೆದದ್ದು ಸಂಗೀತ, ಹಿಂದೆ ಬಂದದ್ದು ಚಿತ್ರ. ಅಂಥದ್ದನ್ನು ನಡುವೆ ಕತ್ತರಿಸುವುದೇ?

ಈಗ ಎಲ್ಲ ವಾದ್ಯಗಳ ನಾದವನ್ನೂ ಕಂಪ್ಯೂಟರ್ ಒಂದೇ ಕೋಣೆಯಲ್ಲಿ ಹೊರಡಿಸುತ್ತದೆ, ಅದಕ್ಕೇಕೆ ಇಷ್ಟು ಭಕ್ತಿ ಎಂದು ತಮ್ಮ ವಾದಿಸಿದ. ಹೊರಡಿಸಲಿ. ಹತ್ತಾರು ಪಿಟೀಲುಗಳ ಕಮಾನುಗಳು ಒಟ್ಟಿಗೆ ತಂತಿಗೆ ತಾಗುವ ಮುನ್ನ ಕೇಳಿಸುವ ಆ ಉಸಿರು ಅದರಿಂದ ಹುಟ್ಟುವುದಿಲ್ಲ. ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದ ಇಳಯರಾಜ 2025ರ ಮಾರ್ಚ್‌ನಲ್ಲಿ ಲಂಡನ್‌ಗೆ ಹೋಗಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಿಂದ ತಮ್ಮ ಸಿಂಫನಿಯನ್ನು ನುಡಿಸಿದ್ದು ಆ ಉಸಿರಿಗಾಗಿಯೇ ಅಲ್ಲವೇ? ದೀಪಾವಳಿಯಲ್ಲಿ ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಅಂಗಳದಲ್ಲಿ ಹಾಡುತ್ತಿರುವಾಗ, ಹಾಡು ಮುಗಿಯದೆ ನಾವು ಬಾಗಿಲು ಹಾಕಿಕೊಳ್ಳುವುದಿಲ್ಲ. ಕೇಳಿ, ಅವರ ದೀಪಕ್ಕೆ ಎಣ್ಣೆ ಎರೆದು ಕಳುಹಿಸುತ್ತೇವೆ. ಹೆಸರುಗಳ ಸಾಲಿನಲ್ಲಿರುವವರಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ರಾತ್ರಿ ಊಟವಾದ ಮೇಲೆ ಹುಡುಗನನ್ನು ಕರೆದು ಹೆಡ್‌ಫೋನ್ ಹಾಕಿದೆ. ಅವನ ತಲೆಗೆ ಅದು ದೊಡ್ಡದು, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ. ಕೊನೆಯ ಭಾಗವನ್ನು ಕೇಳಿಸಿದೆ. ಬೆಂಚಿನ ಮೇಲಿಂದ ತೂಗಾಡುತ್ತಿದ್ದ ಅವನ ಕಾಲುಗಳು ಸ್ವಲ್ಪ ಹೊತ್ತಿಗೆ ನಿಂತವು. ನಾಳೆ ಬೆಳಿಗ್ಗೆ ಅವರು ಬೆಂಗಳೂರಿಗೆ ಹೊರಡುತ್ತಾರೆ. ಅಷ್ಟರೊಳಗೆ ಇನ್ನೊಮ್ಮೆ ಕೇಳಿಸಬೇಕು.