ಗಿಡ್ಡ ಬೇಲಿಯ ಗುಟ್ಟು

ಹಿಂದೊಮ್ಮೆ ಟಾರ್ಟೇರಿಯಾ ಎಂಬ ಸಾಮ್ರಾಜ್ಯ ಲೋಕವನ್ನೆಲ್ಲ ಆಳುತ್ತಿತ್ತಂತೆ. ಕೆಸರಿನ ಪ್ರಳಯ ಬಂದು ಅದು ಮುಳುಗಿತಂತೆ. ಆಮೇಲೆ ಬಂದವರು ಚರಿತ್ರೆ ಅಳಿಸಿ, ಉಳಿದ ಕಟ್ಟಡಗಳಿಗೆ ತಮ್ಮ ಹೆಸರು ಹಾಕಿಕೊಂಡರಂತೆ. ಮಧ್ಯ ಏಷ್ಯಾದ ತಮಗೆ ತಿಳಿಯದ ಸೀಮೆಗೆಲ್ಲ ಯುರೋಪಿನವರು ನಕ್ಷೆಯಲ್ಲಿ ‘ಟಾರ್ಟರಿ’ ಎಂದು ಬರೆಯುತ್ತಿದ್ದರು. ಕಥೆಗೆ ಅಷ್ಟು ಬಂಡವಾಳ ಸಾಕಾಯಿತು. ಸಾಕ್ಷಿ ಕೇಳಿದರೆ ಇದನ್ನು ನಂಬುವವರು ಹಳೆಯ ಫೋಟೊ ತೋರಿಸುತ್ತಾರೆ: ನೋಡಿ, ಕಿಟಕಿ ಅರ್ಧ ನೆಲದೊಳಗಿದೆ!

ಇಂಥವರಿಗೆ ಹೇಳಿ ಮಾಡಿಸಿದ ಊರು ಅಮೆರಿಕದ ಟೆಕ್ಸಸ್ ಕರಾವಳಿಯ ಗ್ಯಾಲ್ವೆಸ್ಟನ್. ಅಲ್ಲಿನ ಆಷ್ಟನ್ ವಿಲ್ಲಾ ಎಂಬ ಬಂಗಲೆಯ ಕಬ್ಬಿಣದ ಬೇಲಿ ವಿಚಿತ್ರವಾಗಿ ಗಿಡ್ಡ. ಕಾರಣ, ಬೇಲಿಯ ಕೆಳಭಾಗ ಮಣ್ಣಿನಲ್ಲಿದೆ. ಕೆಸರು ಬಂದದ್ದೂ ನಿಜವೇ, ಆದರೆ ಅದನ್ನು ತರಿಸಿಕೊಂಡವರು ಊರಿನವರೇ.

1900ರ ಸೆಪ್ಟೆಂಬರ್ 8ರ ಚಂಡಮಾರುತ ಈ ದ್ವೀಪದ ಊರಿನಲ್ಲಿ ಕಡಿಮೆಯೆಂದರೂ 6,000 ಜನರನ್ನು ಕೊಂದಿತು. ಬದುಕಿದವರು ಊರು ಬಿಡಲಿಲ್ಲ. 17 ಅಡಿ ಎತ್ತರದ ಕಡಲಗೋಡೆ ಕಟ್ಟಿದರು. ಅಷ್ಟಕ್ಕೇ ಬಿಡದೆ ಊರನ್ನೇ ಮೇಲೆತ್ತಲು ಹೊರಟರು. 2,000ಕ್ಕೂ ಹೆಚ್ಚು ಕಟ್ಟಡಗಳಿಗೆ ಜಾಕ್ ಕೊಟ್ಟು ಎತ್ತಿ, ಸಮುದ್ರದಡಿಯ ಮರಳು-ಕೆಸರನ್ನು ಪೈಪಿನಲ್ಲಿ ತಂದು ಕೆಳಗೆ ತುಂಬಿದರು. ಸೇಂಟ್ ಪ್ಯಾಟ್ರಿಕ್ ಚರ್ಚು 3,000 ಟನ್ ತೂಗುತ್ತಿತ್ತು. ಅದಕ್ಕೆ 700 ಜಾಕ್. ಕೆಲಸ ಮುಗಿಯುವ ಹೊತ್ತಿಗೆ 1911 ಬಂದಿತ್ತು. ಅಲ್ಲಿಯವರೆಗೆ ಊರಿನವರು ಅಟ್ಟಣಿಗೆಯಂತೆ ಕಟ್ಟಿದ ಹಲಗೆಗಳ ಮೇಲೆ ನಡೆದರು. ಹ್ಯಾಟು, ಉದ್ದ ಲಂಗದ ಹೆಂಗಸರೂ ಅಲ್ಲೇ, ಕೆಳಗೆ ನಾರುವ ರಾಡಿ. ಉಪ್ಪುನೀರು ಕುಡಿದು ತೋಟಗಳು ಸತ್ತವು. ಮನೆ ಎತ್ತಿಸುವ ಖರ್ಚು ಮನೆಯವರದೇ.

ಯೋಜನೆ ಕೊಟ್ಟ ಮೂವರು ಎಂಜಿನಿಯರುಗಳಲ್ಲಿ ಒಬ್ಬ ಹೆನ್ರಿ ರಾಬರ್ಟ್. ಸಭೆ ನಡೆಸುವ ನಿಯಮಗಳ ಬಗ್ಗೆ ಪುಸ್ತಕ ಬರೆದು ಹೆಸರಾದವನು ಈತನೇ. ಇಂಥವನು ಚರಿತ್ರೆ ಅಳಿಸುವ ಪಿತೂರಿಗೆ ಕೂತಿದ್ದರೂ ಮೊದಲು ಕೋರಂ ಎಣಿಸಿ, ಸೂಚಕರು-ಅನುಮೋದಕರ ಹೆಸರು ಬರೆಸಿ, ನಡಾವಳಿಯನ್ನು ಕಡತಕ್ಕೆ ಸೇರಿಸಿಯೇ ಏಳುತ್ತಿದ್ದ.

ಟಾರ್ಟೇರಿಯಾ ನಂಬುವವರ ಬಳಿ ಇನ್ನೊಂದು ಸಾಕ್ಷಿಯೂ ಇದೆ. ಹಳೆಯ ಚಿತ್ರಗಳ ಬೀದಿಯಲ್ಲಿ ನರಪಿಳ್ಳೆ ಇಲ್ಲ, ಅಷ್ಟು ದೊಡ್ಡ ಕಟ್ಟಡ ಕಟ್ಟಿದವರೆಲ್ಲ ಎಲ್ಲಿ? ಮೊದಮೊದಲ ಕ್ಯಾಮೆರಾಗಳು ನಿಮಿಷಗಟ್ಟಲೆ ಕಣ್ಣು ತೆರೆದಿರಬೇಕಿತ್ತು; ನಡೆಯುವವರು ಅದಕ್ಕೆ ಕಾಣುತ್ತಲೇ ಇರಲಿಲ್ಲ. 1838ರಲ್ಲಿ ಫೋಟೊಗ್ರಫಿಯ ಆದ್ಯರಲ್ಲೊಬ್ಬನಾದ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಗಾಡಿ, ಕುದುರೆ, ಜನ ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಸುಮ್ಮನೆ ನಿಂತ ಒಬ್ಬ ಪುಣ್ಯಾತ್ಮ ಮಾತ್ರ ಚರಿತ್ರೆಗೆ ದಕ್ಕಿದ.

ಜಾಕ್ ಕೊಟ್ಟು ಮನೆ ಎತ್ತುವುದು ಬೆಂಗಳೂರಿಗೂ ಹೊಸತಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ, ಮಳೆನೀರು ಹಾಲಿಗೆ ಬಂದು ಸೋಫಾ ತೇಲಿಸುತ್ತದೆ, ಮನೆಯವರು ಸಾಲ ಮಾಡಿ ಜಾಕಿನವರನ್ನು ಕರೆಸುತ್ತಾರೆ. ಕೈಲಾಗದವರು ರಸ್ತೆಯಿಂದ ಎರಡು ಮೆಟ್ಟಿಲು ಇಳಿದು ಒಳಗೆ ಹೋಗುತ್ತಾರೆ. ನೂರು ವರ್ಷದ ಮೇಲೆ ಆ ಮನೆಗಳ ಫೋಟೊ ಕಂಡವರು ಯಾವ ಸಾಮ್ರಾಜ್ಯದ ಹೆಸರು ಹೇಳುತ್ತಾರೋ ಕಾಣೆ. ಬೀದಿಯಲ್ಲಿ ಜನರೇ ಇರಲಿಲ್ಲ ಎಂದು ಮಾತ್ರ ಹೇಳಲಾರರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರು ಡಾಗೇರನ ಕ್ಯಾಮೆರಾದಲ್ಲೂ ಮುಖ ಗುರುತು ಸಿಗುವಷ್ಟು ಚೆನ್ನಾಗಿ ಬರುತ್ತಾರೆ.