ದ್ವಾರಪಾಲಕ ಸ್ಟೇಪ್ಲರಯ್ಯ

ಮೂರು ವಾರ ನಿದ್ದೆಗೆಟ್ಟು ನಾನೊಂದು ಸಾಮ್ರಾಜ್ಯವನ್ನು ಕಟ್ಟಿದ್ದೆ. ಅದಕ್ಕೆ ಹದಿನಾಲ್ಕು ಪುಟಗಳ ಇತಿಹಾಸವಿತ್ತು, ಏಳು ತಲೆಮಾರಿನ ಅರಸರಿದ್ದರು, ಅವರಲ್ಲಿ ಇಬ್ಬರಿಗೆ ಸ್ವಂತ ಅಣ್ಣಂದಿರಿಗೆ ವಿಷವಿಕ್ಕಿದ ಕೀರ್ತಿಯೂ ಇತ್ತು. ಪಾತ್ರಗಳನ್ನು ವಹಿಸಿ ಮಾತಿನಲ್ಲೇ ಕಥೆ ಕಟ್ಟುವ ಆಟವೊಂದರ ಸೂತ್ರಧಾರ, ಅಂದರೆ ಗೇಮ್ ಮಾಸ್ಟರ್ ಎಂಬ ಗತ್ತಿನಲ್ಲಿ ಮೊದಲ ಬಾರಿಗೆ ಮೇಜಿನ ತುದಿಯಲ್ಲಿ ಕುಳಿತಿದ್ದ ನನ್ನೆದುರು ನಾಲ್ವರು ಆಟಗಾರರು ಕೋಟೆಯ ಬಾಗಿಲಿನವರೆಗೆ ಬಂದರು. ಬಂದವರು ಒಳಗಿನ ವೈಭವವನ್ನೆಲ್ಲ ಬಿಟ್ಟು ಬಾಗಿಲು ಕಾಯುತ್ತಿದ್ದವನನ್ನು ಮಾತಿಗೆಳೆದರು. “ನಿನ್ನ ಹೆಸರೇನಪ್ಪಾ?” ಎಂದು ಒಬ್ಬ ಕೇಳಿದ. ಸತ್ತುಹೋದ ಅರಸರಿಗೆಲ್ಲ ಹೆಸರಿಟ್ಟಿದ್ದ ನಾನು ಬದುಕಿದ್ದ ಈ ಒಬ್ಬನನ್ನು ಮರೆತಿದ್ದೆ. ಗಾಬರಿಯಿಂದ ಮೇಜಿನ ಮೇಲೆ ಕಣ್ಣಾಡಿಸಿ, “ಸ್ಟೇಪ್ಲರಯ್ಯ” ಎಂದೆ.

ಗೇಮ್ ಮಾಸ್ಟರ್ ಸನ್ನಿವೇಶವನ್ನು ವರ್ಣಿಸುವುದು, ಆಟಗಾರರು ತಮ್ಮ ಪಾತ್ರಗಳು ಏನು ಮಾಡುತ್ತವೆಂದು ಹೇಳುವುದು, ಅನುಮಾನವಿದ್ದಲ್ಲಿ ದಾಳ ತೀರ್ಪು ಕೊಡುವುದು, ಇಷ್ಟೇ ಈ ಆಟದ ಕ್ರಮ. ಇದಕ್ಕೆ ದಾರಿ ಹಾಕಿಕೊಟ್ಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನು 1974ರಲ್ಲಿ ಹೊರತಂದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, 1979ರ ತಮ್ಮ ಕೈಪಿಡಿಯ ಕೊನೆಯಲ್ಲಿ ತಮಗೆ ಸ್ಫೂರ್ತಿಯಾದ ಪುಸ್ತಕಗಳ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾರೆ. ಕಂಡಲ್ಲಿಂದ ಎತ್ತಿಕೊಳ್ಳುವುದು ಈ ವಿದ್ಯೆಯಲ್ಲಿ ಹಿರಿಯರೇ ನಡೆದ ದಾರಿ ಎಂದಾಯಿತು. ಆದರೆ ಅವರು ಗ್ರಂಥಗಳಿಂದ ಎತ್ತಿಕೊಂಡರು, ನಾನು ಸ್ಟೇಷನರಿಯಿಂದ.

ಎರಡನೆಯ ವಾರದ ಅವಾಂತರಕ್ಕೆ ಒಂದು ಗುಪ್ತದ್ವಾರ ಕಾರಣ. ಕಥೆಯೆಲ್ಲವನ್ನೂ ಅದರ ಹಿಂದೆ ಬಚ್ಚಿಟ್ಟು, ಅದನ್ನು ಪತ್ತೆಹಚ್ಚಲು ಒಂದೇ ಸುಳಿವನ್ನು ಇಟ್ಟಿದ್ದೆ. ತಂಡದಲ್ಲಿದ್ದ ಚತುರ ಕಳ್ಳನ ಪಾತ್ರಧಾರಿ ಇಪ್ಪತ್ತು ಮುಖದ ದಾಳವನ್ನು ಉರುಳಿಸಿದ, ಬಿದ್ದದ್ದು ಒಂದು, ಅಂದರೆ ಸುಳಿವು ಸಿಗಲಿಲ್ಲ. ನೂರಕ್ಕೆ ಐದರಷ್ಟು ಮಾತ್ರ ಸಾಧ್ಯತೆಯಿದ್ದ ಆ ಒಂದರ ಮುಂದೆ ನನ್ನ ಮೂರು ಗಂಟೆಗಳ ಕಥೆ ಮಂಡಿಯೂರಿ ಕುಳಿತಿತು. ಗೋಡೆಯ ಸಂದಿನಿಂದ ಗಾಳಿ ಬೀಸಿಸಿದೆ, ಗಮನಿಸಲಿಲ್ಲ. ಇಲಿಯೊಂದನ್ನು ಒಳಗೆ ನುಗ್ಗಿಸಿದೆ, ಅದನ್ನು ಹಿಡಿದು ಸಾಕತೊಡಗಿದರು. ಕೊನೆಗೆ ಬೇರೆ ಗತಿಯಿಲ್ಲದೆ ಭೂಕಂಪವಾಯಿತೆಂದು ಸಾರಿ ಗೋಡೆಯನ್ನೇ ಕೆಡವಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ಅದು ಮೊದಲೇ ಯೋಜಿಸಿದ್ದೆಂದು ನಟಿಸಿದೆ. ಅಂದಿನಿಂದ ಪ್ರತಿ ರಹಸ್ಯಕ್ಕೂ ಕನಿಷ್ಠ ಮೂರು ಸುಳಿವುಗಳನ್ನು ಇಡುತ್ತೇನೆ. ಅವುಗಳಲ್ಲಿ ಒಂದಾದರೂ ದಾಳದ ಹಂಗಿಲ್ಲದೆ ಕಣ್ಣಿಗೆ ಬೀಳುವಂತಿರುತ್ತದೆ.

ಆ ಬಳಿಕ ಕಲ್ಪನೆಯ ಭಾರವನ್ನು ದಾಳಕ್ಕೇ ಹೊರಿಸೋಣವೆಂದು, ದಾರಿಯಲ್ಲಿ ಎದುರಾಗುವವರ ಪಟ್ಟಿಯೊಂದನ್ನು ತಯಾರಿಸಿದೆ. ಆರು ಮುಖದ ಎರಡು ದಾಳಗಳನ್ನು ಉರುಳಿಸಿದಾಗ 36ರಲ್ಲಿ 6 ಸಲ ಒಟ್ಟು ಏಳು ಬರುವುದರಿಂದ ಏಳಕ್ಕೆ ನಿರುಪದ್ರವಿ ಕುರಿಗಾಹಿಯನ್ನು ಇಟ್ಟೆ. 36ರಲ್ಲಿ ಒಮ್ಮೆ ಮಾತ್ರ ಬರುವ ಹನ್ನೆರಡಕ್ಕೆ, ಬರಲಾರದೆಂಬ ಧೈರ್ಯದಿಂದ, ಬೆಂಕಿಯುಗುಳುವ ಡ್ರ್ಯಾಗನ್ ಅನ್ನು ಇಟ್ಟೆ. ಮೊದಲ ಎಸೆತಕ್ಕೇ ಎರಡು ಆರುಗಳು ಬಿದ್ದವು ಎಂದು ಬೇರೆ ಹೇಳಬೇಕಾಗಿಲ್ಲ. ಹಳ್ಳಿಯ ಬಾವಿಕಟ್ಟೆಯ ಮೇಲೆ ಬಂದು ಕುಳಿತ ಆ ಮಹಾಕಾಯ ಅಲ್ಲಿಗೇಕೆ ಬಂತೆಂದು ನನಗೇ ತಿಳಿದಿರಲಿಲ್ಲ. ನಾನು ಬೆಪ್ಪಾಗಿ ಕುಳಿತಿರುವಾಗ ಆಟಗಾರನೊಬ್ಬ ಪಕ್ಕದವನ ಕಿವಿಯಲ್ಲಿ, “ಇದು ಆ ಸ್ಟೇಪ್ಲರಯ್ಯನೇ ಕಳಿಸಿದ್ದು. ಹೆಸರು ಕೇಳಿದಾಗ ಅವನು ತಡವರಿಸಿದ್ದು ನೆನಪಿಲ್ಲವೇ? ಅದು ಅವನ ನಿಜವಾದ ಹೆಸರೇ ಅಲ್ಲ” ಎಂದು ಪಿಸುಗುಟ್ಟಿದ.

ತಡವರಿಸಿದ್ದು ನಾನು, ಆದರೆ ಅದನ್ನು ಹೇಳುವಷ್ಟು ಮೂರ್ಖನಲ್ಲ. ನಿಧಾನವಾಗಿ ಕನ್ನಡಕ ಸರಿಪಡಿಸಿಕೊಂಡು, ಸಾಧ್ಯವಾದಷ್ಟು ಗಂಭೀರವಾಗಿ, “ಕೊನೆಗೂ ಕಂಡುಹಿಡಿದಿರಿ” ಎಂದೆ. ಅವರ ಮುಖದಲ್ಲಿ ಮೂಡಿದ ಗೆಲುವನ್ನು ನನ್ನ ಹದಿನಾಲ್ಕು ಪುಟಗಳಲ್ಲಿ ಒಂದು ಸಾಲೂ ಎಂದಿಗೂ ಮೂಡಿಸಿರಲಿಲ್ಲ. ಈಗ ನಾನು ಮನೆಯಲ್ಲಿ ಬರೆಯುವುದು ಕಡಿಮೆ. ಆಟದ ನಡುವೆ ಅವರು ಗುಸುಗುಸು ಮಾಡುವಾಗ ಕಿವಿ ನಿಮಿರಿಸಿ, ಲೆಕ್ಕ ಬರೆಯುವವನಂತೆ ತಲೆತಗ್ಗಿಸಿ, ಅವರ ಅನುಮಾನಗಳನ್ನೆಲ್ಲ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ. ಮುಂದಿನ ವಾರ ಅದರಲ್ಲೊಂದು ನಿಜವಾದಾಗ, ಎಷ್ಟು ಹಿಂದಿನಿಂದ ಯೋಜಿಸಿದ್ದೀಯೆಂದು ಅವರೇ ಬೆರಗಾಗುತ್ತಾರೆ.

ಸ್ಟೇಪ್ಲರಯ್ಯನಿಗೆ ತಲೆಮರೆಸಿಕೊಂಡ ತಮ್ಮನೊಬ್ಬ ಇರಲೇಬೇಕೆಂದು ಮೊನ್ನೆ ಅವರು ತೀರ್ಮಾನಿಸಿ, ಅವನನ್ನು ಹುಡುಕಿ ಹೊರಟಿದ್ದಾರೆ. ಮೇಜಿನ ಮೇಲೆ ಈಗಲೇ ಒಂದು ಪಂಚಿಂಗ್ ಮಷಿನ್ ತಂದಿಟ್ಟುಕೊಂಡಿದ್ದೇನೆ.